ಗಾಯ ಮಾಯ್ದ ಮೇಲೂ ಉಳಿಯುವ ಸಂಕಟ

ಗುದನಾಳದ ಗಡ್ಡೆಗೆ ಆಪರೇಷನ್ ಆದವರಿಗೂ ಅವರ ಮನೆಯವರಿಗೂ ಒಂದು ಪಾಠ



ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಒಬ್ಬರು ಇದ್ದಾರೆಯೇ, ನೆನಪು ಮಾಡಿಕೊಳ್ಳಿ. ಹತ್ತಾರು ವರ್ಷ ಭಾನುವಾರದ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತವರು. ಬೆಂಗಳೂರಿನಲ್ಲಿ ದೊಡ್ಡ ಆಪರೇಷನ್ ಆಯಿತು, ದೇವರ ದಯೆಯಿಂದ ಬದುಕಿ ಬಂದರು. ನಾವೆಲ್ಲ ಹಣ್ಣು ಹಿಡಿದು ನೋಡಲು ಹೋದೆವು. "ಗಂಡಾಂತರ ಕಳೆಯಿತು, ಇನ್ನು ಚಿಂತೆಯಿಲ್ಲ" ಎಂದು ಹೇಳಿ ಬಂದೆವು. ಆಮೇಲೆ ಅವರು ದೇವಾಲಯದ ಹಿಂಬಾಗಿಲ ಪಕ್ಕದಲ್ಲಿ ಕೂರತೊಡಗಿದರು. ಪ್ರಬೋಧನೆಯ ನಡುವೆ ಎದ್ದು ಹೊರಗೆ ಹೋಗುತ್ತಿದ್ದರು. ಕೆಲವು ತಿಂಗಳಲ್ಲಿ ಬರುವುದೇ ನಿಂತುಹೋಯಿತು. ವಿಚಾರಿಸಿದರೆ "ಸ್ವಲ್ಪ ನಿಶ್ಶಕ್ತಿ" ಎಂದಷ್ಟೇ ಉತ್ತರ.

ಅದು ನಿಶ್ಶಕ್ತಿಯಲ್ಲ. ಯಾರೊಂದಿಗೂ ಹೇಳಿಕೊಳ್ಳಲಾಗದ ತೊಂದರೆ. ಗುದನಾಳದ ಗಡ್ಡೆಯನ್ನು ತೆಗೆಸಿಕೊಂಡ ಅನೇಕರಿಗೆ ಗಾಯ ಮಾಯ್ದ ಮೇಲೂ ಮಲ, ಮೂತ್ರ, ದಾಂಪತ್ಯ, ನಿದ್ರೆ, ಪ್ರಯಾಣ ಇವುಗಳಲ್ಲಿ ಕಷ್ಟ ಉಳಿಯುತ್ತದೆ. ಆಪರೇಷನ್ ಜೀವ ಉಳಿಸುತ್ತದೆ. ಉಳಿದ ಜೀವವನ್ನು ಹೇಗೆ ಬಾಳುತ್ತೇವೆ ಎಂಬುದನ್ನು ಬಹುಮಟ್ಟಿಗೆ ಈ ತೊಡಕುಗಳು ನಿರ್ಧರಿಸುತ್ತವೆ. ಸಮಾಧಾನದ ಸಂಗತಿಯೆಂದರೆ, ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರ ಉಂಟು. ಆದರೆ ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ಆ ಪರಿಹಾರ ಸಿಗುತ್ತದೆ. ಈ ವಾರ ನಾವು ಕಲಿಯಬೇಕಾದ ಮಾತು ಇದೇ.

ಗಡ್ಡೆ ಎಲ್ಲಿ, ಕಷ್ಟ ಯಾಕೆ?

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಮಲವನ್ನು ಕೂಡಿಟ್ಟುಕೊಳ್ಳುವುದು, ಬಂದಿರುವುದು ಗಾಳಿಯೋ ಮಲವೋ ಎಂದು ತಿಳಿಯುವುದು, ಸಮಯ ಬರುವವರೆಗೆ ತಡೆದು ಹಿಡಿಯುವುದು ಅದರ ಕೆಲಸ. ನಾವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಳೆದುಕೊಂಡ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಈ ಭಾಗ ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿದೆ. ಪಕ್ಕದಲ್ಲೇ ಮೂತ್ರಕೋಶ, ಹೆಂಗಸರಿಗೆ ಗರ್ಭಕೋಶ, ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ. ಮೂತ್ರವನ್ನೂ ದಾಂಪತ್ಯ ಸುಖವನ್ನೂ ನಡೆಸುವ ಸೂಕ್ಷ್ಮ ನರಗಳು ಗುದನಾಳಕ್ಕೆ ಅಂಟಿಕೊಂಡಂತೆ ಹಾದುಹೋಗುತ್ತವೆ. ಅಲ್ಲಿ ಕತ್ತರಿ ಆಡಿಸುವುದು ಎಷ್ಟು ಎಚ್ಚರಿಕೆಯ ಕೆಲಸವೆಂದು ನೀವೇ ಊಹಿಸಬಹುದು.

ನಮ್ಮಲ್ಲಿ ಈ ರೋಗ ತಡವಾಗಿ ಪತ್ತೆಯಾಗಲು ಒಂದು ಕಾರಣ ಮೂಲವ್ಯಾಧಿ. ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ, ಉಷ್ಣ" ಎಂದುಕೊಂಡು ನಾಟಿ ಔಷಧಿ ಮಾಡುತ್ತಾ ತಿಂಗಳುಗಳನ್ನು ಕಳೆಯುತ್ತೇವೆ. ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲ ಎನಿಸುವುದು, ಮಲದ ಕ್ರಮ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವೂ ಸೇರಿದರೆ ಡಾಕ್ಟರು ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷಿಸಲೇಬೇಕು. ನಾಚಿಕೆಯಿಂದ ಬೇಡ ಎನ್ನಬೇಡಿ. ನಮ್ಮ ದೇಶದಲ್ಲಿ ಈ ರೋಗ ನಲವತ್ತು ದಾಟದವರಲ್ಲೂ ಕಾಣುತ್ತದೆ.

ಹಿಂದೆ ಈ ಗಡ್ಡೆಗೆ ಗುದದ್ವಾರವನ್ನೂ ಸೇರಿಸಿ ತೆಗೆದು, ಹೊಟ್ಟೆಯ ಮೇಲೆ ಮಲಕ್ಕೆ ಶಾಶ್ವತ ದಾರಿ ಮಾಡುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಆ ವಿಧಾನವನ್ನು ವಿವರಿಸಿದರು. 1982ರಲ್ಲಿ ಇಂಗ್ಲೆಂಡಿನವರೇ ಆದ ಬಿಲ್ ಹೀಲ್ಡ್, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಪೂರ್ತಿಯಾಗಿ ಬಿಡಿಸಿ ತೆಗೆಯುವ ಕ್ರಮವನ್ನು ತಿಳಿಸಿದರು. ಅದರಿಂದ ಗಡ್ಡೆ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಯಿತು. ಈಗ ಅನೇಕರಿಗೆ ಮೊದಲು ವಿಕಿರಣ ಚಿಕಿತ್ಸೆ (ಜನರು "ಕರೆಂಟ್ ಕೊಡುವುದು" ಎನ್ನುತ್ತಾರೆ) ಮತ್ತು ಕೀಮೋ ಕೊಟ್ಟು, ಆಮೇಲೆ ಗಡ್ಡೆ ತೆಗೆದು, ಕರುಳನ್ನು ಮತ್ತೆ ಕೆಳಗೆ ಜೋಡಿಸುತ್ತಾರೆ.

ಮೊದಲ ವಾರಗಳ ತೊಡಕುಗಳು

ಎಲ್ಲಕ್ಕಿಂತ ಭಯಪಡಬೇಕಾದದ್ದು ಜೋಡಣೆಯ ಸೋರಿಕೆ. ಹೊಲಿದ ಕರುಳಿನ ತುದಿಗಳು ಸರಿಯಾಗಿ ಕೂಡಿಕೊಳ್ಳದೆ ಮಲ ಒಳಗೇ ಸೋರುತ್ತದೆ. ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಹೀಗಾಗುವುದುಂಟು. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಸಾಮಾನ್ಯವಾಗಿ ಮೊದಲ ವಾರದಲ್ಲಿ ಕಾಣಿಸುತ್ತದೆ, ಕೆಲವರಿಗೆ ಮನೆಗೆ ಬಂದ ಮೇಲೂ ಆಗುತ್ತದೆ.

ಈ ಕಾರಣಕ್ಕೇ ಡಾಕ್ಟರು ಅನೇಕರಿಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ತಾತ್ಕಾಲಿಕ ಚೀಲ ಹಾಕುತ್ತಾರೆ. ಕೆಳಗಿನ ಜೋಡಣೆಗೆ ವಿಶ್ರಾಂತಿ ಸಿಗಲಿ ಎಂಬುದೇ ಉದ್ದೇಶ. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚೀಲ ಹಾಕದವರಲ್ಲಿ 100ಕ್ಕೆ 28 ಮಂದಿಗೆ ಸೋರಿಕೆಯಾಯಿತು. ಹಾಕಿದವರಲ್ಲಿ ಸುಮಾರು 10 ಮಂದಿಗೆ ಮಾತ್ರ. "ಡಾಕ್ಟರು ಏನೋ ತಪ್ಪು ಮಾಡಿ ಚೀಲ ಹಾಕಿದ್ದಾರೆ" ಎಂದು ಗೊಣಗುವವರು ಇದನ್ನು ತಿಳಿದಿರಬೇಕು. ಆದರೆ ತಾತ್ಕಾಲಿಕ ಎಂದು ಹಾಕಿದ ಚೀಲ ಸುಮಾರು ಐವರಲ್ಲಿ ಒಬ್ಬರಿಗೆ ಕೊನೆಯವರೆಗೂ ಉಳಿದುಬಿಡುತ್ತದೆ. ಈ ಮಾತನ್ನು ಆಪರೇಷನ್‌ಗೆ ಮುಂಚೆಯೇ ಕೇಳಿ ತಿಳಿದುಕೊಂಡರೆ ಮುಂದೆ ಮನಸ್ಸು ಮುರಿಯುವುದಿಲ್ಲ.

ಸೋರಿಕೆಯಾದವರು ಹೆಚ್ಚು ದಿನ ಆಸ್ಪತ್ರೆಯಲ್ಲಿ ಇರಬೇಕು. ಕೆಲವರಿಗೆ ಎರಡನೆಯ ಆಪರೇಷನ್ ಬೇಕಾಗುತ್ತದೆ. ಕೀಮೋ ತಡವಾಗುತ್ತದೆ. ಮುಂದೆ ಮಲದ ಹಿಡಿತವೂ ಹೆಚ್ಚು ಕೆಡುತ್ತದೆ. ಒಂದು ತೊಡಕು ಹೀಗೆ ಇನ್ನೊಂದನ್ನು ಎಳೆದು ತರುತ್ತದೆ.

ಕೆ.ಜಿ.ಎಫ್. ಮತ್ತು ಬಂಗಾರಪೇಟೆಯವರಿಗೆ ಇಲ್ಲಿ ವಿಶೇಷ ಎಚ್ಚರ ಬೇಕು. ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೆ ಕಂಪನಿಯ ಆಸ್ಪತ್ರೆಯೇ ಕೈಗೆಟುಕುವಂತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಆ ಆಸರೆಯೂ ಹೋಯಿತು. ಇಂಥ ಆಪರೇಷನ್‌ಗೆ ನಮ್ಮವರು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಸೇಂಟ್ ಜಾನ್ಸ್ ಆಸ್ಪತ್ರೆಗೋ ಹೋಗುತ್ತಾರೆ. ಅಲ್ಲಿಂದ ಊರಿಗೆ ಬಂದವರಿಗೆ ಜ್ವರ ಬಂದರೆ "ಸೋಮವಾರದ ರೈಲಿಗೆ ಹೋಗೋಣ" ಎಂದು ಕಾಯುತ್ತೇವೆ. ಹಾಗೆ ಕಾಯಬೇಡಿ. ಕೆಳಗಿನವುಗಳಲ್ಲಿ ಯಾವುದು ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಅಷ್ಟು ದೂರ ಹೋಗಲು ಆಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಡಿಸ್ಚಾರ್ಜ್ ಚೀಟಿಯ ಸಮೇತ ಹೋಗಿ.

1. ಜ್ವರ, ಚಳಿ, ಎದೆಬಡಿತ ಜೋರಾಗುವುದು.
2. ಹೊಟ್ಟೆನೋವು ಕಡಿಮೆಯಾಗುವ ಬದಲು ಹೆಚ್ಚುವುದು, ಹೊಟ್ಟೆ ಉಬ್ಬುವುದು. ಇದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ.
3. ಗುದದ್ವಾರದಿಂದ ಅಥವಾ ಗಾಯದಿಂದ ದುರ್ವಾಸನೆಯ ಕೀವು ಬರುವುದು.
4. ವಾಂತಿಯಾಗುತ್ತಿದ್ದು ಚೀಲಕ್ಕೆ ಏನೂ ಬಾರದಿರುವುದು.
5. ಚೀಲದ ಬಾಯಿಯ ಕರುಳು ಕೆಂಪು ಕಳೆದು ಕಪ್ಪಾಗುವುದು.
6. ಒಂದು ಕಾಲು ಊದಿಕೊಂಡು ನೋಯುವುದು, ಉಸಿರು ಕಟ್ಟುವುದು.

ಸಣ್ಣ ಕರುಳಿನ ಚೀಲ ಇರುವವರಿಗೆ ಇನ್ನೊಂದು ಅಪಾಯ ನಿರ್ಜಲತೆ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ನೀರಾಗಿ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ಬರೀ ನೀರನ್ನೇ ಕುಡಿಯುತ್ತಾ ಹೋದರೆ ದೇಹದ ಉಪ್ಪು ಇನ್ನೂ ಹೆಚ್ಚು ಹೊರಹೋಗುತ್ತದೆ. ಓ.ಆರ್.ಎಸ್. ಪೊಟ್ಟಣ ಮನೆಯಲ್ಲಿರಲಿ. ಅದಿಲ್ಲದಾಗ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸಿ, ಡಾಕ್ಟರಿಗೆ ತಿಳಿಸಿ.

ಚೀಲ ತೆಗೆದ ಮೇಲಿನ ಕಥೆ

ತಾತ್ಕಾಲಿಕ ಚೀಲವನ್ನು ಮುಚ್ಚಿದ ದಿನ ಮನೆಯಲ್ಲಿ ಸಂಭ್ರಮ. ಆದರೆ ಹಲವರಿಗೆ ನಿಜವಾದ ಕಷ್ಟ ಅಂದಿನಿಂದಲೇ ಶುರು. ಕೂಡಿಡುವ ಗುದನಾಳ ಈಗ ಇಲ್ಲ. ದಿನಕ್ಕೆ ಎಂಟು ಹತ್ತು ಸಲ ಹೋಗಬೇಕು. ಹೋಗಿ ಬಂದು ಕುಳಿತರೆ ಅರ್ಧ ಗಂಟೆಯೊಳಗೆ ಮತ್ತೆ. ಬಂತೆಂದರೆ ತಡೆಯಲಾಗದು. ಗಾಳಿಯ ಮೇಲೆ ಹಿಡಿತವಿಲ್ಲ. ಕೆಲವೊಮ್ಮೆ ತಿಳಿಯದೆಯೇ ಬಟ್ಟೆ ಒದ್ದೆ.

ಡೆನ್ಮಾರ್ಕಿನ ವೈದ್ಯರು 2012ರಲ್ಲಿ ಈ ತೊಂದರೆಯನ್ನು ಅಳೆಯಲು ಐದೇ ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಗಾಳಿ ತಡೆಯಲಾಗುತ್ತದೆಯೇ? ತೆಳುವಾದ ಮಲ ಸೋರುತ್ತದೆಯೇ? ದಿನಕ್ಕೆ ಎಷ್ಟು ಸಲ? ಒಂದು ಗಂಟೆಯೊಳಗೆ ಮತ್ತೆ ಹೋಗಬೇಕೇ? ಓಡಬೇಕಾಗುವಷ್ಟು ಅವಸರವೇ? ಉತ್ತರಗಳನ್ನು ಕೂಡಿದರೆ 0ಯಿಂದ 42ರವರೆಗೆ ಅಂಕ. 30 ಅಥವಾ ಅದಕ್ಕಿಂತ ಹೆಚ್ಚಾದರೆ ತೊಂದರೆ ತೀವ್ರ. ಬೇರೆ ಬೇರೆ ದೇಶಗಳಲ್ಲಿ ಹೀಗೆ ಅಳೆದು ನೋಡಿದಾಗ, ಕರುಳು ಜೋಡಿಸಿಕೊಂಡ ಹತ್ತು ಮಂದಿಯಲ್ಲಿ ಸುಮಾರು ನಾಲ್ವರಿಗೆ ತೀವ್ರ ತೊಂದರೆ ಇದ್ದದ್ದು ಕಂಡುಬಂತು. ಜೋಡಣೆ ಬಹಳ ಕೆಳಗಿದ್ದವರಿಗೆ, ವಿಕಿರಣ ಪಡೆದವರಿಗೆ, ಸೋರಿಕೆಯಾದವರಿಗೆ ಇದು ಹೆಚ್ಚು. ಹಾಗಾದರೆ ಇದು ನಿಮ್ಮೊಬ್ಬರ ದುರದೃಷ್ಟವಲ್ಲ, ನಿಮ್ಮ ತಪ್ಪಂತೂ ಅಲ್ಲವೇ ಅಲ್ಲ.

ಈಗ ನಮ್ಮ ಊರಿನ ಜೀವನವನ್ನು ನೋಡಿ. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಸುಮಾರು ಎರಡು ಗಂಟೆಯ ಪ್ರಯಾಣ, ಕಾಲಿಡಲು ಜಾಗವಿಲ್ಲದ ಜನಜಂಗುಳಿ, ಶೌಚಾಲಯದವರೆಗೆ ಹೋಗಲೂ ದಾರಿಯಿಲ್ಲ. ಈ ತೊಂದರೆ ಇರುವವರು ಆ ರೈಲನ್ನು ಹೇಗೆ ಹತ್ತಿಯಾರು? ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಾರೆ. ಆಮೇಲೆ ಕೆಲಸವನ್ನೇ ಬಿಡುತ್ತಾರೆ. ಗಡ್ಡೆ ಹೋಯಿತು, ಸಂಬಳವೂ ಹೋಯಿತು.

ಇದಕ್ಕೆ ಮಾಡುವುದೇನು? ಮೊದಲ ಒಂದು, ಒಂದೂವರೆ ವರ್ಷದಲ್ಲಿ ತಾನಾಗಿಯೇ ಸಾಕಷ್ಟು ಸುಧಾರಣೆ ಆಗುತ್ತದೆ. ಊಟವನ್ನು ಬಿಡಬೇಡಿ, ಸ್ವಲ್ಪ ಸ್ವಲ್ಪವಾಗಿ ನಿಗದಿತ ಹೊತ್ತಿಗೆ ತಿನ್ನಿ. ಅನ್ನ, ಮೊಸರು, ಬಾಳೆಹಣ್ಣು ಹಲವರಿಗೆ ಮಲವನ್ನು ಗಟ್ಟಿ ಮಾಡುತ್ತವೆ. ಅವರೆಕಾಳು, ಹುರುಳಿ, ಎಲೆಕೋಸು ಗಾಳಿ ತುಂಬುತ್ತವೆ. ಹೆಚ್ಚು ಖಾರ, ಕಾಫಿ ಅವಸರ ತರುತ್ತವೆ. ರಾಗಿಮುದ್ದೆ ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಒಗ್ಗದು; ಒಂದು ಪುಸ್ತಕದಲ್ಲಿ ತಿಂದದ್ದು, ಆದದ್ದು ಬರೆದಿಟ್ಟರೆ ನಿಮ್ಮ ದೇಹವೇ ಪಾಠ ಹೇಳುತ್ತದೆ. ಲೋಪರಮೈಡ್‌ನಂಥ ಮಾತ್ರೆಯನ್ನು ಡಾಕ್ಟರ ಸಲಹೆಯ ಮೇಲೆ ತೆಗೆದುಕೊಳ್ಳಬಹುದು. ಗುದದ್ವಾರದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರು ಕಲಿಸುತ್ತಾರೆ. ಇವುಗಳಿಂದ ಆಗದಿದ್ದರೆ ಕೆಳಗಿನಿಂದ ನೀರು ಹಾಯಿಸಿ ಕರುಳು ತೊಳೆಯುವ ವಿಧಾನವಿದೆ. ಎಲ್ಲ ಮಾಡಿಯೂ ಬಾಳು ದುಸ್ತರವಾದರೆ ಮತ್ತೆ ಚೀಲಕ್ಕೆ ಹೋಗುವುದೂ ಒಂದು ಮರ್ಯಾದೆಯ ದಾರಿಯೇ.

ಚೀಲ ಎಂದರೆ ಬಾಳು ಮುಗಿಯಿತೇ?

"ಹೊಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಬದುಕುವುದಕ್ಕಿಂತ ಸಾಯುವುದೇ ಮೇಲು" ಎನ್ನುವ ಮಾತನ್ನು ನೀವೂ ಕೇಳಿರಬಹುದು. ವೈದ್ಯರು ಈ ವಿಷಯವನ್ನು ಬಹಳ ಅಧ್ಯಯನ ಮಾಡಿದ್ದಾರೆ. ಶಾಶ್ವತ ಚೀಲ ಇರುವವರನ್ನೂ ಕರುಳು ಜೋಡಿಸಿಕೊಂಡವರನ್ನೂ ಹೋಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಚೀಲ ಇರುವವರ ಬಾಳು ಕೀಳು ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಒಬ್ಬರಿಗೆ ಚೀಲದ ಕಷ್ಟವಾದರೆ ಇನ್ನೊಬ್ಬರಿಗೆ ಹಿಡಿತವಿಲ್ಲದ ಕಷ್ಟ.

ಚೀಲದ ಬಾಯಿಯ ಕರುಳು ತುಟಿಯ ಒಳಭಾಗದಂತೆ ಕೆಂಪಗೆ, ತೇವವಾಗಿ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಸುತ್ತಲಿನ ಚರ್ಮವನ್ನು ಬರೀ ನೀರಿನಿಂದ ತೊಳೆದು ಒರೆಸಿದರೆ ಸಾಕು. ಡೆಟಾಲ್, ಎಣ್ಣೆ, ಪೌಡರ್ ಬೇಡ. ಅಂಟಿಸುವ ತಟ್ಟೆಯ ರಂಧ್ರವನ್ನು ಕರುಳಿನ ಅಳತೆಗೆ ಸರಿಯಾಗಿ ಕತ್ತರಿಸಿ. ರಂಧ್ರ ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಹುಣ್ಣಾಗುತ್ತದೆ. ಮೂರನೆಯ ಒಂದು ಭಾಗ ತುಂಬಿದಾಗಲೇ ಚೀಲ ಖಾಲಿ ಮಾಡಿ. ಮನೆಗೆ ಹೊರಡುವ ಮುಂಚೆ ರೋಗಿಯೂ ಮನೆಯವರಲ್ಲಿ ಒಬ್ಬರೂ ಇದನ್ನು ನರ್ಸಮ್ಮನವರ ಎದುರಿಗೆ ಮಾಡಿ ತೋರಿಸಬೇಕು. ಬರೀ ನೋಡಿ ಬಂದರೆ ಸಾಲದು.

ಗಣಿ ಲೈನುಗಳ ಪುಟ್ಟ ಮನೆಗಳಲ್ಲಿ ಇದು ಸುಲಭವಲ್ಲ. ಒಂದೇ ಕೋಣೆ, ಹಂಚಿಕೊಂಡ ಕಕ್ಕಸು, ನೀರಿಗೆ ಕ್ಯೂ. ಅದಕ್ಕಾಗಿ ಮನೆಯವರೇ ಒಂದು ಪರದೆ ಕಟ್ಟಿ, ಒಂದು ಬಕೆಟ್ ನೀರು, ಒಂದು ಮುಚ್ಚಳದ ಡಬ್ಬ ಬೇರೆಯಾಗಿ ಇಟ್ಟುಬಿಡಿ. ಇಷ್ಟರಿಂದಲೇ ರೋಗಿಯ ಅರ್ಧ ಸಂಕೋಚ ಹೋಗುತ್ತದೆ. ಕನಿಷ್ಠ ಆರರಿಂದ ಎಂಟು ವಾರ ನೀರಿನ ಬಿಂದಿಗೆ, ಸಿಲಿಂಡರ್ ಎತ್ತಲೇಬಾರದು. ಭಾರ ಎತ್ತಿದರೆ ಚೀಲದ ಪಕ್ಕದಲ್ಲಿ ಹರ್ನಿಯಾ ಆಗಬಹುದು. ತಾಯಂದಿರೇ, ನಿಮಗೇ ಈ ಮಾತು; ನೀರು ಹೊರುವುದನ್ನು ಗಂಡುಮಕ್ಕಳು ಕಲಿಯಲಿ.

ಖರ್ಚಿನ ಮಾತು. ಬಿ.ಪಿ.ಎಲ್. ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ, ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ, ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು. ಆದರೆ ಚೀಲ ತಿಂಗಳು ತಿಂಗಳೂ ಬೇಕು. ಧರ್ಮಕೇಂದ್ರದ ಬಡವರ ನಿಧಿಯಿಂದ ಒಬ್ಬ ರೋಗಿಯ ಚೀಲದ ಖರ್ಚನ್ನು ವಹಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದು?

ಗಂಡ ಹೆಂಡಿರ ನಡುವಿನ ಮೌನ

ಗುದನಾಳದ ಪಕ್ಕದ ನರಗಳಿಗೆ ಪೆಟ್ಟಾದರೆ ಮೂತ್ರ ಸರಿಯಾಗಿ ಹೋಗದಿರಬಹುದು, ಅಥವಾ ತಡೆಯಲಾಗದಿರಬಹುದು. ಕೆಲವರು ನಳಿಕೆಯೊಂದಿಗೇ ಮನೆಗೆ ಬರುತ್ತಾರೆ. ಹೆಚ್ಚಿನವರಿಗೆ ವಾರಗಳಲ್ಲಿ ಸರಿಹೋಗುತ್ತದೆ. ಗಂಡಸರಲ್ಲಿ ಪುರುಷತ್ವದ ದೌರ್ಬಲ್ಯ, ಹೆಂಗಸರಲ್ಲಿ ಒಣಗುವಿಕೆ ಮತ್ತು ನೋವು ಉಂಟಾಗಬಹುದು. ಇದನ್ನು ಆಪರೇಷನ್‌ಗೆ ಮುಂಚೆ ನಾವು ಕೇಳುವುದಿಲ್ಲ, ಅವಸರದಲ್ಲಿರುವ ಡಾಕ್ಟರು ಹೇಳುವುದೂ ಇಲ್ಲ. ಆಮೇಲೆ ಗಂಡ ಮುಖ ತಿರುಗಿಸಿ ಮಲಗುತ್ತಾನೆ. ಹೆಂಡತಿ "ನನ್ನ ಮೇಲೆ ಬೇಸರ" ಎಂದು ತಿಳಿಯುತ್ತಾಳೆ. ಇಬ್ಬರೂ ತಪ್ಪು ತಿಳಿದು ನೋಯುತ್ತಾರೆ. ಇದು ದೇಹದ ಗಾಯ, ಪ್ರೀತಿಯ ಕೊರತೆಯಲ್ಲ. ಇದಕ್ಕೂ ಮಾತ್ರೆ, ಲೇಪನ, ಸಲಹೆ ಇವೆ. ಗಂಡ ಹೆಂಡತಿ ಒಟ್ಟಿಗೆ ಡಾಕ್ಟರ ಬಳಿ ಹೋಗಿ ಕೇಳಿ. ಮಕ್ಕಳು ಬೇಕೆನ್ನುವ ಎಳೆಯ ದಂಪತಿಗಳು ವಿಕಿರಣ, ಕೀಮೋ ಶುರುವಾಗುವ ಮುಂಚೆಯೇ ಆ ಮಾತನ್ನು ಎತ್ತಬೇಕು.

ನಮ್ಮ ಕಡೆ ಮನೆಯಲ್ಲಿ ತಮಿಳು, ಪೇಟೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಇಂಗ್ಲಿಷ್. ಈ ಸಂಕಟಕ್ಕೆ ಯಾವ ಭಾಷೆಯಲ್ಲಿ ಶಬ್ದ ಹುಡುಕುವುದು ಎಂದೇ ಹಲವರು ಸುಮ್ಮನಾಗುತ್ತಾರೆ. ಮೇಲಿನ ಐದು ಪ್ರಶ್ನೆಗಳಿಗೆ ಉತ್ತರವನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಬಾಯಿಂದ ಬಾರದ ಮಾತನ್ನು ಕಾಗದ ಹೇಳುತ್ತದೆ.

ಒಂದು ವರ್ಷದ ತಾಳ್ಮೆ

ಕ್ಯಾನ್ಸರ್ ರೋಗಿಗಳ ಬಾಳು ಹೇಗಿದೆ ಎಂದು ತಿಳಿಯಲು ವೈದ್ಯರು ನೋವು, ನಿದ್ರೆ, ಆಯಾಸ, ಕೆಲಸ, ಮನಸ್ಸು, ಹಣಕಾಸು ಎಲ್ಲವನ್ನೂ ಪ್ರಶ್ನಾವಳಿಗಳ ಮೂಲಕ ಅಳೆಯುತ್ತಾರೆ. ಈ ಅಳತೆಗಳು ಸಾಮಾನ್ಯವಾಗಿ ತೋರಿಸುವುದು ಇಷ್ಟು: ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಬಾಳು ಬಹಳ ಕುಗ್ಗುತ್ತದೆ, ಒಂದು ವರ್ಷದ ಹೊತ್ತಿಗೆ ಹೆಚ್ಚಿನವರು ಬಹುಮಟ್ಟಿಗೆ ಮೊದಲಿನಂತಾಗುತ್ತಾರೆ. ತೊಡಕುಗಳಾದವರ ಚೇತರಿಕೆ ಮಾತ್ರ ನಿಧಾನ. ಕೆಲವರಿಗೆ ಕೆಲವು ಕಷ್ಟ ಉಳಿದೇಬಿಡುತ್ತದೆ. ಆದ್ದರಿಂದ ಮೂರನೆಯ ತಿಂಗಳಲ್ಲೇ "ಇನ್ನೂ ಎಷ್ಟು ದಿನ ಮಲಗಿರುತ್ತೀ?" ಎಂದು ಯಾರನ್ನೂ ಕೇಳಬೇಡಿ.

ನಮ್ಮ ದೇವಾಲಯ ಮಾಡಬಹುದಾದದ್ದು

1992ರ ಜುಲೈ 12ರಂದು ಪೋಪ್ ಎರಡನೆಯ ಜಾನ್ ಪಾಲ್‌ರವರು ಭಾನುವಾರದ ಪ್ರಾರ್ಥನೆಗೆ ಸೇರಿದ್ದ ಜನರಿಗೆ, ತಾವು ಅಂದೇ ಪರೀಕ್ಷೆಗಾಗಿ ಆಸ್ಪತ್ರೆಗೆ ಸೇರಲಿರುವುದಾಗಿ ತಾವೇ ತಿಳಿಸಿ ಅವರ ಪ್ರಾರ್ಥನೆಯನ್ನು ಕೇಳಿಕೊಂಡರು. ಮೂರು ದಿನಗಳ ಮೇಲೆ ಅವರ ದೊಡ್ಡ ಕರುಳಿನಿಂದ, ಗುದನಾಳಕ್ಕೆ ಸ್ವಲ್ಪ ಮೇಲಿನಿಂದ, ಕಿತ್ತಳೆ ಹಣ್ಣಿನಷ್ಟು ದೊಡ್ಡ ಗಡ್ಡೆಯನ್ನು ತೆಗೆದರು. ಕರುಳಿನ ರೋಗ ಎಂದು ಅವರು ಮುಚ್ಚಿಡಲಿಲ್ಲ. ಅದೇ ವರ್ಷ ಅವರು ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು 1993ರಿಂದ ಪ್ರತಿ ಫೆಬ್ರವರಿ 11ರಂದು ಆಚರಿಸುತ್ತಿದ್ದೇವೆ. ಆ ದಿನ ರೋಗಿಗಳನ್ನು ಮುಂದೆ ಕೂರಿಸಿ ಹಾರೈಸುತ್ತೇವೆ. ಉಳಿದ ಭಾನುವಾರಗಳ ಗತಿಯೇನು?

ಬಾಗಿಲ ಪಕ್ಕದ ಎರಡು ಬೆಂಚುಗಳನ್ನು ಇಂಥವರಿಗೆ ಬಿಡಿ. ಎದ್ದು ಹೋದರೆ ತಿರುಗಿ ನೋಡಬೇಡಿ. ದೇವಾಲಯದ ಶೌಚಾಲಯಕ್ಕೆ ಬೀಗ ಹಾಕಬೇಡಿ, ಒಳಗೆ ನೀರೂ ಒಂದು ಕಮೋಡೂ ಇರಲಿ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ವಿನಾಯಿತಿ ಇದೆ. ಶುಭ ಶುಕ್ರವಾರದ ಉಪವಾಸವೂ ಅವರಿಗೆ ಕಡ್ಡಾಯವಲ್ಲ. ಸಣ್ಣ ಕರುಳಿನ ಚೀಲ ಇರುವವರು ನೀರು ಬಿಟ್ಟು ಉಪವಾಸ ಮಾಡುವುದು ಅಪಾಯ. ಬರಲಾಗದ ವಾರ ಪಾಪವೆಂದು ಕೊರಗಬೇಡಿ; ಗುರುಗಳಿಗೆ ತಿಳಿಸಿದರೆ ಪರಮಪ್ರಸಾದ ಮನೆಗೇ ಬರುತ್ತದೆ. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರ ಎಂಬ ಭಯವೂ ಬೇಡ. ಇಂಥ ದೊಡ್ಡ ಆಪರೇಷನ್‌ಗೆ ಹೊರಡುವ ಮುಂಚೆ ಅದನ್ನು ಪಡೆಯಬಹುದು.

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು, ಜನರ ನಡುವೆ ಅಡಗಿ ಬಂದು ಪ್ರಭುವಿನ ಉಡುಪನ್ನು ಮುಟ್ಟಿದ ಆ ತಾಯಿಯನ್ನು ನೀವು ಬಲ್ಲಿರಿ. ಆಕೆ ಸದ್ದಿಲ್ಲದೆ ಹೊರಟುಹೋಗಲು ಬಯಸಿದಳು. ಯೇಸುಸ್ವಾಮಿ ನಿಂತರು, ಆಕೆ ನಡೆದದ್ದನ್ನೆಲ್ಲ ಹೇಳುವವರೆಗೂ ಕಾದರು, ಮಗಳೆಂದು ಕರೆದರು. ನಮ್ಮ ಹಿಂಬಾಗಿಲ ಬಳಿ ಕುಳಿತವರಿಗೂ ಹಾಗೆ ನಿಂತು ಕೇಳುವ ಒಬ್ಬರು ಬೇಕು.

ಮನೆಯಲ್ಲಿ ಕೂಡಿ ಯೋಚಿಸಲು

1. ನಮ್ಮ ಮನೆಯಲ್ಲಿ ಯಾರಾದರೂ ಮಲದಲ್ಲಿ ರಕ್ತ ಕಂಡೂ ಮುಚ್ಚಿಟ್ಟಿದ್ದಾರೆಯೇ? ಹೇಳಿಕೊಳ್ಳಲು ನಾವು ಧೈರ್ಯ ಕೊಟ್ಟಿದ್ದೇವೆಯೇ?
2. ಆಪರೇಷನ್‌ಗೆ ಮುಂಚೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಿದ್ದೇವೆಯೇ? ಚೀಲ ಬೇಕಾಗುತ್ತದೆಯೇ, ಎಷ್ಟು ಕಾಲ, ತೊಡಕಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು?
3. ಇತ್ತೀಚೆಗೆ ಪೂಜೆಗೆ ಬಾರದೆ ನಿಂತವರು ಯಾರು? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?